ಅಜ್ಜನ ರಿವಾಲ್ವರಿಗೆ ಬೆಳ್ಳಿ ಬೆಸುಗೆ

ಕೈಲ್‌ಪೊಳ್ದ್, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ, ಹತ್ತಿರ ಬಂತು ಅಂದರೆ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಲದ ಹಿರಿಮನೆಯಲ್ಲಿ, ಎಣ್ಣೆ ವಾಸನೆ ಶುರು. ಅಡುಗೆ ಎಣ್ಣೆಯದ್ದಲ್ಲ, ಕೋವಿ ಎಣ್ಣೆಯದ್ದು. ಸೆಪ್ಟೆಂಬರ್ 3ಕ್ಕೆ ಆಯುಧಗಳೆಲ್ಲ ದೀಪದ ಮುಂದೆ ಕೂರಬೇಕು. ಜೂನ್‌ನಿಂದ ಸುರಿದ ಮಳೆಗೆ ಅಷ್ಟು ಹೊತ್ತಿಗೆ ಮನೆಯ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿದಿರುತ್ತದೆ. ಆಗಸ್ಟ್ ಕೊನೆಯ ಒಂದು ಭಾನುವಾರ ಅಣ್ಣ, ನಾನು, ಮಕ್ಕಳು ಹಳೇ ಪಂಚೆ ಹರಿದುಕೊಂಡು ಒರೆಸಲು ಕೂರುತ್ತೇವೆ.

ಕಳೆದ ವರ್ಷ ಹಾಗೆ ಕೂತಿದ್ದಾಗ ಅಣ್ಣ ಬೀರುವಿನಿಂದ ಅಜ್ಜನ ರಿವಾಲ್ವರ್ ತಂದ. ವೆಬ್ಲಿ ಮಾರ್ಕ್ 6. 1915ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾದರಿ ಅದು. ನಮ್ಮದರ ಮೈಮೇಲೆ 1917 ಅಂತ ಹೊಡೆದಿದೆ. ಆರು ಇಂಚಿನ ನಳಿಗೆ, ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ. ಹಿಡಿಯ ಕೆಳಗೆ ದಾರ ಕಟ್ಟುವ ಬಳೆ. ಹೆಬ್ಬೆರಳಿನಿಂದ ಚಿಲಕ ಒತ್ತಿದರೆ ನಡು ಮುರಿದ ಹಾಗೆ ಬಾಗುತ್ತದೆ, ಆರೂ ತೋಟಾ ಒಟ್ಟಿಗೆ ಮೇಲೇಳುತ್ತವೆ. ಅಜ್ಜ ಪಟ್ಟಾಳದಲ್ಲಿದ್ದವರು. ಕೆಲಸ ಬಿಟ್ಟು ಊರಿಗೆ ಬರುವಾಗ ತಂದದ್ದು ಅಂತ ಅಪ್ಪ ಹೇಳುತ್ತಿದ್ದರು. ಈಗ ಅದು ಅಣ್ಣನ ಲೈಸೆನ್ಸಿನಲ್ಲಿದೆ. ಗುಂಡು ಹಾರಿಸಿದ್ದನ್ನು ನಾನಂತೂ ನೋಡಿಲ್ಲ.

ಖಾಲಿ ಇದೆ ಅಂತ ಮೂರು ಸಲ ನೋಡಿಕೊಂಡು ಅಣ್ಣ ಹ್ಯಾಮರ್ ಹಿಂದಕ್ಕೆ ಎಳೆದ. ಎಳೆದಾಗ ತೋಟಾ ತುಂಬುವ ಸಿಲಿಂಡರ್ ತಿರುಗಿ, ಅದರ ಮುಂದಿನ ಕೋಣೆ ನಳಿಗೆಯ ನೇರಕ್ಕೆ ಬಂದು 'ಟಕ್' ಅಂತ ಕೂರಬೇಕು. ನಾಲ್ಕು ಸಲ ಟಕ್ ಅಂತು. ಎರಡು ಸಲ ಅನ್ನಲಿಲ್ಲ. ಒಂದು ಕೂದಲೆಳೆಯಷ್ಟು ಹಿಂದೆಯೇ ನಿಂತಿತು. ಬೆರಳಿನಿಂದ ಸ್ವಲ್ಪ ತಳ್ಳಿದರೆ ಆಮೇಲೆ ಟಕ್.

"ಸವೆದಿದೆ" ಅಂದ ಅಣ್ಣ. ನನ್ನ ಕಡೆ ತಿರುಗಿ, "ನೀನು ದಿನಾ ಫ್ರಿಜ್ ಪೈಪಿಗೆ ಬೆಳ್ಳಿ ಬೆಸುಗೆ ಹಾಕ್ತೀಯಲ್ಲ. ಇದಕ್ಕೂ ಒಂದು ಚೂರು ಹಾಕಿ ಉಜ್ಜಿಬಿಡು. ಅಷ್ಟೇ ಅಲ್ವಾ?"

ಅಷ್ಟೇ ಅಲ್ಲ. ಅದನ್ನು ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೋಣಿಕೊಪ್ಪದಲ್ಲಿ ನನ್ನದು ಫ್ರಿಜ್ ರಿಪೇರಿ ಅಂಗಡಿ. ಇಪ್ಪತ್ತೆರಡು ವರ್ಷ ಆಯಿತು. ಗ್ಯಾಸ್ ಸೋರುವ ಪೈಪು ಹುಡುಕುವುದು, ಬೆಸುಗೆ ಹಾಕುವುದು, ಮತ್ತೆ ಗ್ಯಾಸ್ ತುಂಬುವುದು. ತಾಮ್ರಕ್ಕೆ ತಾಮ್ರ ಸೇರಿಸುವಾಗ ಫಾಸ್ಫರಸ್ ಇರುವ ಅಗ್ಗದ ರಾಡ್ ಸಾಕು. ಬೆಸುಗೆ ಚೆನ್ನಾಗಿ ಹರಿಯಲಿ ಅಂತ ಹಚ್ಚುವ ಫ್ಲಕ್ಸ್ ಪೌಡರ್ ಕೂಡ ಅದಕ್ಕೆ ಬೇಡ. ಆದರೆ ಕಂಪ್ರೆಸರಿನಿಂದ ಹೊರಗೆ ಬರುವ ಮೊಳಕೆ ಪೈಪು ಕೆಲವು ಸಲ ಕಬ್ಬಿಣದ್ದಿರುತ್ತದೆ. ಅಲ್ಲಿ ಆ ರಾಡ್ ಹಾಕಿದರೆ ನೋಡಲು ಚೆನ್ನಾಗಿಯೇ ಕೂರುತ್ತದೆ. ಒಳಗೆ ಮಾತ್ರ ಫಾಸ್ಫರಸ್ ಕಬ್ಬಿಣದ ಜೊತೆ ಸೇರಿ ಗಾಜಿನಂಥ ಪೆಡಸು ಪದರ ಕಟ್ಟುತ್ತದೆ. ಕೆಲಸ ಕಲಿಯುವ ಕಾಲದಲ್ಲಿ ನಾನು ಒಂದು ಹೋಂಸ್ಟೇ ಫ್ರಿಜ್‌ಗೆ ಹೀಗೆ ಮಾಡಿದ್ದೆ. ಕಂಪ್ರೆಸರ್ ನಡುಗಿ ನಡುಗಿ ಒಂದೇ ತಿಂಗಳಲ್ಲಿ ಬಿರುಕು ಬಿಟ್ಟಿತು. ನನಗೆ ಕೆಲಸ ಕಲಿಸುತ್ತಿದ್ದ ಯಜಮಾನರು ಬೈಯಲಿಲ್ಲ. ಆ ಮುರಿದ ತುಂಡನ್ನು ನನ್ನ ಟೂಲ್ ಬಾಕ್ಸಿನಲ್ಲಿ ಹಾಕಿ, "ದಿನಾ ನೋಡು" ಅಂದರು. ಇವತ್ತಿಗೂ ಅಲ್ಲೇ ಇದೆ.

ಕಬ್ಬಿಣ ಬಂತು ಅಂದರೆ ಬೆಳ್ಳಿ ರಾಡ್ ಬೇಕು. ಬೆಳ್ಳಿ, ತಾಮ್ರ, ಸತು ಸೇರಿದ ಲೋಹ ಅದು. ಕೆಲವದರಲ್ಲಿ ಸ್ವಲ್ಪ ತವರವೂ ಇರುತ್ತದೆ. ನಾನು ಇಟ್ಟುಕೊಳ್ಳುವುದರಲ್ಲಿ ನೂರಕ್ಕೆ 56 ಭಾಗ ಬೆಳ್ಳಿ. 620 ಡಿಗ್ರಿಗೆ ಕರಗಲು ಶುರುವಾಗಿ 655ಕ್ಕೆ ನೀರಾಗುತ್ತದೆ. ಬೆಲೆ ಮಾತ್ರ ಬೆಳ್ಳಿಯದೇ. ಉಗುರಿನಷ್ಟು ತುದಿ ಉಳಿದರೂ ಡಬ್ಬಿಯಲ್ಲಿ ಹಾಕಿಡುತ್ತೇನೆ.

ಹಳೆಯ ಬೆಳ್ಳಿ ರಾಡ್‌ಗಳಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು. ಬೇಗ ಕರಗುತ್ತದೆ, ನೀರಿನ ಹಾಗೆ ಓಡುತ್ತದೆ ಅಂತ ಎಲ್ಲರಿಗೂ ಇಷ್ಟ. ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಜುಲೈ ಮಳೆಯಲ್ಲಿ ಇರಚಲು ಒಳಗೆ ಹೊಡೆಯುತ್ತದೆ ಅಂತ ನಾವು ಹುಡುಗರು ಷಟರ್ ಇಳಿಸಿ ಬೆಸುಗೆ ಹಾಕುತ್ತಿದ್ದೆವು. ಯಜಮಾನರು ಬಂದು ಷಟರ್ ಎತ್ತಿ, "ನೆನೆದರೆ ಒಣಗ್ತೀರಿ" ಅಂತ ಹೇಳಿ ಹೋಗುತ್ತಿದ್ದರು. ನಿಮ್ಮ ಮನೆಯಲ್ಲಿ ಯಾರದೋ ಹಳೇ ರಾಡ್ ಕಟ್ಟು ಇದ್ದು, ಅದರಲ್ಲಿ ಏನಿದೆ ಅಂತ ತಿಳಿಯದಿದ್ದರೆ ಉಪಯೋಗಿಸಬೇಡಿ.

ಹೆಸರಿನ ಗೊಂದಲವೂ ಒಂದಿದೆ. ಅಂಗಡಿಯಲ್ಲಿ 'ಸಿಲ್ವರ್ ಸೋಲ್ಡರ್' ಅಂತ ಕೇಳಿದರೆ ಕೆಲವು ಸಲ ತವರದ ತಂತಿ ಕೊಡುತ್ತಾರೆ. ನೂರಕ್ಕೆ 96 ಭಾಗ ತವರ, 4 ಭಾಗ ಬೆಳ್ಳಿ. ಸುಮಾರು 221 ಡಿಗ್ರಿಗೆ ಕರಗುವ ಮೆದು ಬೆಸುಗೆ ಅದು. ಕೆಟ್ಟದ್ದೇನಲ್ಲ, ಅದರ ಕೆಲಸವೇ ಬೇರೆ. ಜೋಡಿ ನಳಿಗೆ ಕೋವಿಯ ನಳಿಗೆಗಳನ್ನು ಸೇರಿಸಿರುವುದು ಎಷ್ಟೋ ಕಡೆ ಮೆದು ಬೆಸುಗೆಯಿಂದಲೇ. ಅಕ್ಕಸಾಲಿಗರು ಬೆಳ್ಳಿ ಬೆಸುಗೆ ಅನ್ನುವುದು ಕೆಂಪಗೆ ಕಾಯಿಸಿ ಹಾಕುವ ಗಟ್ಟಿ ಬೆಸುಗೆಯನ್ನು. ನಾನು ಹೇಳುತ್ತಿರುವುದೂ ಅದನ್ನೇ.

ಇನ್ನು ನನ್ನ ಮಾನ ಹೋದ ಕಥೆ.

ಆರು ವರ್ಷದ ಹಿಂದೆ ಮನೆಯ ಪೀಚೆಕತ್ತಿಯ ಬೆಳ್ಳಿ ಪಟ್ಟಿ ಬಿರುಕು ಬಿಟ್ಟಿತ್ತು. ಕೊಡಗಿನ ಹೊರಗಿನವರಿಗಾಗಿ ಹೇಳುತ್ತೇನೆ: ಕುಪ್ಯ ಅನ್ನುವ ನಮ್ಮ ನಿಲುವಂಗಿ ತೊಟ್ಟಾಗ ಮುಂದೆ, ಸೊಂಟಕ್ಕೆ ಸುತ್ತುವ ಕೆಂಪು ಚೇಲೆಯ ಒಳಗೆ ಸಿಕ್ಕಿಸಿಕೊಳ್ಳುವ ಚಿಕ್ಕ ಕತ್ತಿ ಅದು. ಒರೆಗೆ ಬೆಳ್ಳಿ ಕೆಲಸ, ಜೊತೆಗೆ ಬೆಳ್ಳಿ ಸರಪಳಿ. ಹಳೆಯವುಗಳಲ್ಲಿ ಸರಪಳಿಯ ತುದಿಗೆ ಚಿಮಟ, ಕಿವಿ ಗುಗ್ಗೆ ತೆಗೆಯುವ ಕಡ್ಡಿ ಎಲ್ಲ ನೇತಾಡುತ್ತವೆ. ಮದುಮಗನ ಸೊಂಟದಲ್ಲಿ ಕಿವಿ ಕಡ್ಡಿ ಯಾಕೆ ಅಂತ ನನ್ನ ಮಗಳು ಕೇಳಿದ್ದಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಸರಪಳಿಯ ಎರಡು ಕೊಂಡಿಗಳಿಗೆ ಮೊದಲು ಬೆಸುಗೆ ಹಾಕಿದೆ. ಫ್ಲಕ್ಸ್‌ಗೆ ಅಂತ ಪೇಟೆಯ ಅಕ್ಕಸಾಲಿಗರ ಹತ್ತಿರ ಬಿಳಿಗಾರ ತಂದು, ಕಲ್ಲಿನ ಮೇಲೆ ನೀರು ಬಿಟ್ಟು ತೇಯ್ದು ಹಚ್ಚಿದೆ. ಬಹಳ ಚೆನ್ನಾಗಿ ಬಂತು. ಬೆಸುಗೆಯ ನಂತರ ಬಿಳಿಗಾರ ಗಾಜಿನ ಹಾಗೆ ಅಂಟಿಕೊಂಡಿರುತ್ತದೆ, ಬೆಳ್ಳಿಯೂ ಕಪ್ಪಾಗಿರುತ್ತದೆ. ಅದನ್ನು ಬಿಡಿಸಲು ಹುಳಿ ಬೇಕು. ಹುಣಸೆ ಹುಳಿಯಲ್ಲಿ ಕುದಿಸುತ್ತಾರೆ. ನಮ್ಮ ಮನೆಯಲ್ಲಿ ಹುಣಸೆ ಯಾರಿಗೆ ಬೇಕು? ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ, ಕಾಚಂಪುಳಿ ಇತ್ತು. ಎರಡು ಚಮಚ ನೀರಿಗೆ ಹಾಕಿ ಬಿಸಿ ಮಾಡಿ ಸರಪಳಿ ಮುಳುಗಿಸಿದೆ. ಹಲ್ಲುಜ್ಜಿದ ಹಾಗೆ ಬೆಳ್ಳಗಾಯಿತು. ಪಂದಿ ಕರಿಗೆ ಎತ್ತಿಟ್ಟ ಬಾಟಲಿ ಅದು ಅಂತ ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಆ ಗೆಲುವಿನ ಸೊಕ್ಕಿನಲ್ಲಿ ಕತ್ತಿಗೆ ಕೈ ಹಾಕಿದೆ. ಪಟ್ಟಿ ಇದ್ದದ್ದು ಅಲಗಿನ ಬುಡದಲ್ಲಿ. ಹಿಡಿಯ ಮರ ಬಿಚ್ಚಿತು, ಪಟ್ಟಿ ಬಿಚ್ಚಲಿಲ್ಲ. ಇರಲಿ ಅಂತ ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಿರುಕಿಗೆ ಬೆಂಕಿ ಹಿಡಿದೆ. ಲೋಹಗಳಲ್ಲೆಲ್ಲ ಬಿಸಿಯನ್ನು ಬೇಗ ಹಂಚುವುದು ಬೆಳ್ಳಿ. ಬಿರುಕು ಒಂದು ಕಡೆ ಇದ್ದರೂ ಪಟ್ಟಿ ಪೂರ್ತಿ ಕಾಯದೆ ಬೆಸುಗೆ ಕರಗುವುದಿಲ್ಲ. ಪಟ್ಟಿ ಪೂರ್ತಿ ಕಾದರೆ ಅದು ಅಪ್ಪಿಕೊಂಡ ಉಕ್ಕು ಸುಮ್ಮನಿರುತ್ತದೆಯೇ? ಬಟ್ಟೆಯಿಂದ ಹಬೆ ಬಂತು. ಹಬೆ ನಿಂತಿತು. ಬಟ್ಟೆ ಒಣಗಿದ್ದು ನನಗೆ ಗೊತ್ತೇ ಆಗಲಿಲ್ಲ, ಕಣ್ಣು ಬೆಳ್ಳಿಯ ಮೇಲಿತ್ತು.

ಬಟ್ಟೆ ಬಿಚ್ಚಿದಾಗ ಅಲಗಿನ ಮೇಲೆ ಕಾಮನಬಿಲ್ಲು. ಉಜ್ಜಿದ ಉಕ್ಕು ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ನೀಲಿ ದಾಟಿದರೆ ಬೂದಿ. ಬುಡದಲ್ಲಿ ಬೂದಿ, ಅಲ್ಲಿಂದ ಎರಡು ಬೆರಳು ನೀಲಿ, ನೇರಳೆ, ಹುಲ್ಲು. ಬಣ್ಣವನ್ನು ಉಜ್ಜಿ ತೆಗೆಯಬಹುದು. ಆದರೆ ಬಣ್ಣ ಬಂದ ಕಡೆ ಹದವೂ ಹೋಗಿತ್ತು. ಯಾವುದೋ ಐರಿ, ಅಂದರೆ ನಮ್ಮ ಕಡೆಯ ಕಮ್ಮಾರ, ಕುಲುಮೆಯಲ್ಲಿ ಕಾಯಿಸಿ, ನೀರಿಗೆ ಹಾಕಿ, ಹದ ನೋಡಿ ಮಾಡಿದ ಅಲಗು. ಬುಡದಲ್ಲಿ ಈಗ ಅದು ಬರೀ ಕಬ್ಬಿಣದ ಪಟ್ಟಿ. ಬೆಸುಗೆ ಮಾತ್ರ ಬಲು ಅಚ್ಚುಕಟ್ಟು.

ಹಾಗಾಗಿ ಅಣ್ಣ ರಿವಾಲ್ವರ್ ಚಾಚಿದಾಗ ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

ಕಾನೂನೂ ಅಡ್ಡ ಬರುತ್ತದೆ. ನಮ್ಮಲ್ಲಿ ಅನೇಕರಿಗೆ 'ಕೊಡಗಿನವರಿಗೆ ಕೋವಿ ವಿನಾಯಿತಿ ಇದೆ, ಏನು ಬೇಕಾದರೂ ಮಾಡಬಹುದು' ಅನ್ನುವ ಭ್ರಮೆ. ವಿನಾಯಿತಿ ಇರುವುದು ನಿಜ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಬಂದದ್ದು, ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಈಗಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದು ಕೋವಿ ಇಟ್ಟುಕೊಳ್ಳುವ ಮಾತು. ರಿಪೇರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಫ್ರಿಜ್ ಅಂಗಡಿಯವನ ಹತ್ತಿರ ಅದು ಇರುವುದಿಲ್ಲ.

ಅಣ್ಣ ಕಾಗದ ಪತ್ರ ಎಲ್ಲ ಹಿಡಿದುಕೊಂಡು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹೊರಟ. ನಾನು ಜೊತೆಗೆ ಹೋದೆ. ಎಪ್ಪತ್ತು ದಾಟಿದವರು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದರು. ಖಾಲಿ ಇದೆ ಅಂತ ಅಣ್ಣ ಹೇಳಿದ್ದನ್ನು ಕೇಳಿಸಿಕೊಳ್ಳದವರ ಹಾಗೆ ತಾವೇ ತೆರೆದು, ಆರೂ ಕೋಣೆಗೆ ಕಿರುಬೆರಳು ಹಾಕಿ ನೋಡಿದರು. ನನಗೆ ಅದು ಹಿಡಿಸಿತು. ಆಮೇಲೆ ಬಿಚ್ಚಿ ಭಾಗಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು.

ಸವೆದದ್ದು ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ತುಂಡು. 'ಪಾಲ್' ಅನ್ನುತ್ತಾರೆ. ಅದು ಟ್ರಿಗರಿನ ಜೊತೆ ಮೇಲೆ ಹೋಗಿ, ಸಿಲಿಂಡರಿನ ಹಿಂದಿನ ಹಲ್ಲನ್ನು ತಳ್ಳುತ್ತದೆ. ಗಡಿಯಾರದೊಳಗಿನ ಕೊಕ್ಕೆಯ ಹಾಗೆ. ನೂರು ವರ್ಷ ತಳ್ಳಿ ತಳ್ಳಿ ಮೂಗು ಮೊಂಡಾಗಿತ್ತು. ಸಿಲಿಂಡರಿನ ಹಲ್ಲುಗಳೂ ಒಂದೇ ಸಮ ಸವೆದಿರುವುದಿಲ್ಲವಲ್ಲ, ಆದ್ದರಿಂದ ಎರಡು ಕೋಣೆಗೆ ಮಾತ್ರ ತೊಂದರೆ.

"ಇವನು ಫ್ರಿಜ್ ಕೆಲಸದವನು. ಬೆಳ್ಳಿ ಬೆಸುಗೆ ಹಚ್ಚಿದರೆ ಆಗಲ್ವಾ ಅಂತ ನಾನು ಇವನಿಗೆ ಹೇಳಿದ್ದೆ" ಅಂದ ಅಣ್ಣ.

ಅವರು ನನ್ನನ್ನು ನೋಡಿದರು. "ನೀವೇನು ಹೇಳಿದ್ರಿ?"

"ಆಗಲ್ಲ ಅಂದೆ. ಉಕ್ಕಿನ ಮುಂದೆ ಮೆದು ಅಲ್ವಾ ಅದು."

"ಕೂತ್ಕೊಳ್ಳಿ" ಅಂದರು. ಅಲ್ಲಿಂದ ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ.

ಬೆಳ್ಳಿ ಬೆಸುಗೆ ಎರಡು ಲೋಹದ ನಡುವೆ ತೆಳ್ಳಗೆ ಕೂತಾಗ ಮಾತ್ರ ಗಟ್ಟಿ. ನಡುವಿನ ಸಂದು ಒಂದು ಕಾಗದದ ದಪ್ಪ, ಅಂದರೆ 0.1 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಇರಬೇಕು. ಆಗ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ತಾನೇ ಒಳಗೆ ಓಡುತ್ತದೆ. ಅದನ್ನೇ ಸವೆದ ಜಾಗದ ಮೇಲೆ ಗುಡ್ಡೆ ಹಾಕಿದರೆ ಉಕ್ಕಿನ ಹಲ್ಲಿಗೆ ಉಜ್ಜಿ ಉಜ್ಜಿ ಬೇಗನೆ ಮೊದಲಿನ ಗತಿ. "ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ" ಅಂದರು ಅವರು. ಪಾಲನ್ನು ಸುತ್ತಿಗೆಯಿಂದ ಬಡಿದು ಸ್ವಲ್ಪ ಉದ್ದ ಮಾಡುವವರೂ ಇದ್ದಾರಂತೆ. ಅದು ತೆಳುವಾಗುತ್ತದೆ, ಹದ ಗಟ್ಟಿ ಇದ್ದರೆ ಬಿರಿಯುತ್ತದೆ. ಅವರಿಗೆ ಇಷ್ಟವಾದ ದಾರಿ ಹೊಸ ಪಾಲನ್ನೇ ಉಕ್ಕಿನಲ್ಲಿ ಅರದಿಂದ ಕೊರೆದು ಮಾಡುವುದು, ಹಳೆಯದನ್ನು ಪೊಟ್ಟಣ ಕಟ್ಟಿ ಜೊತೆಗೆ ಕೊಡುವುದು. ಅಣ್ಣನಿಗೆ ಅದು ಬೇಡ. ಅಜ್ಜನ ಕಾಲದ ತುಂಡೇ ಒಳಗೆ ಇರಬೇಕು.

ಹಾಗಾದರೆ ಉಳಿದದ್ದು ಒಂದೇ ದಾರಿ. ಸವೆದ ಮೂಗನ್ನು ಸ್ವಲ್ಪ ಅರೆದು ತೆಗೆದು, ಅಲ್ಲಿ ಗಟ್ಟಿ ಉಕ್ಕಿನ ಚೂರು ಕೂರಿಸಿ, ನಡುವೆ ಬೆಳ್ಳಿ. ತಿಕ್ಕಾಟ ತಾಳುವುದು ಉಕ್ಕಿನ ಕೆಲಸ, ಹಿಡಿದಿಡುವುದು ಬೆಳ್ಳಿಯ ಕೆಲಸ.

ಇಲ್ಲೇ ನನ್ನ ತಲೆ ಕೆಟ್ಟಿತು. ಆ ಚೂರನ್ನು ಗಟ್ಟಿ ಮಾಡುವುದು ಯಾವಾಗ? ಸಾಮಾನ್ಯ ಇಂಗಾಲದ ಉಕ್ಕನ್ನು ಗಟ್ಟಿ ಮಾಡಲು ಸುಮಾರು 800 ಡಿಗ್ರಿಗೆ ಕಾಯಿಸಿ ಎಣ್ಣೆಗೋ ನೀರಿಗೋ ಹಾಕಬೇಕು. ಬೆಸುಗೆ ಹಾಕುವುದಕ್ಕೆ ಮುಂಚೆ ಗಟ್ಟಿ ಮಾಡಿದರೆ ಬೆಸುಗೆಯ 650 ಡಿಗ್ರಿಗೆ ಹದ ಹೋಗುತ್ತದೆ, ನನ್ನ ಪೀಚೆಕತ್ತಿಯ ಹಾಗೆ. ಬೆಸುಗೆ ಆದ ಮೇಲೆ ಗಟ್ಟಿ ಮಾಡಲು ಹೋದರೆ 800ಕ್ಕೆ ಮುಂಚೆಯೇ ಬೆಳ್ಳಿ ಕರಗಿ ಚೂರು ಉದುರುತ್ತದೆ. ಹಿಂದಕ್ಕೆ ಹೋದರೂ ಗುಂಡಿ, ಮುಂದಕ್ಕೆ ಹೋದರೂ ಗುಂಡಿ.

ನಾನು ಇದನ್ನು ಕೇಳಿದಾಗ ಅವರ ಮುಖದಲ್ಲಿ ಮೊದಲ ಸಲ ನಗು ಬಂತು. ಡ್ರಾಯರಿನಿಂದ ಒಂದು ಮುರಿದ ಬ್ಲೇಡ್ ತೆಗೆದರು. ವರ್ಕ್‌ಷಾಪುಗಳಲ್ಲಿ ಕಬ್ಬಿಣ ಕೊಯ್ಯುವ ಪವರ್ ಹ್ಯಾಕ್‌ಸಾದು. "ಹೈಸ್ಪೀಡ್ ಸ್ಟೀಲ್" ಅಂದರು.

ಅಷ್ಟಕ್ಕೆ ಅರ್ಥವಾಯಿತು. ಡ್ರಿಲ್ ಬಿಟ್ ಮಾಡುವ ಉಕ್ಕು ಅದು. ಟಂಗ್‌ಸ್ಟನ್, ಮಾಲಿಬ್ಡಿನಂ ಥರದ್ದು ಬೆರೆಸಿರುತ್ತಾರೆ. 600 ಡಿಗ್ರಿಯ ಹತ್ತಿರ ಹೋದರೂ ಗಟ್ಟಿತನ ಬಿಡುವುದಿಲ್ಲ. ಬೆಸುಗೆಯ ಬಿಸಿ ಅದಕ್ಕಿಂತ ಸ್ವಲ್ಪ ಮೇಲೆ ಹೋದರೂ ಕೆಲವೇ ಕ್ಷಣ, ಹಾಗಾಗಿ ನಷ್ಟ ಜಾಸ್ತಿ ಇಲ್ಲ. ಟಿಂಬರ್ ಡಿಪೋಗಳಲ್ಲಿ ತಿರುಗುವ ಗರಗಸಕ್ಕೆ ಕಾರ್ಬೈಡ್ ಹಲ್ಲು ಕೂರಿಸುವುದೂ ಹೀಗೇ ಬೆಳ್ಳಿ ಬೆಸುಗೆಯಿಂದ. ದಿನಾ ನೋಡುತ್ತೇನೆ, ಆದರೆ ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ.

ಬ್ಲೇಡಿನಿಂದ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಚೂರನ್ನು ಕಲ್ಲಿನ ಮೇಲೆ ಅರೆದು ತಯಾರು ಮಾಡಿದರು. ಪಾಲಿನ ಮೂಗಿನಲ್ಲಿ ನೇರವಾಗಿ ಅಂಟಿಸಲಿಲ್ಲ, ಒಂದು ಪುಟ್ಟ ಮೆಟ್ಟಿಲು ಕೊರೆದರು. ಸಿಲಿಂಡರ್ ತಳ್ಳುವಾಗ ಬರುವ ಒತ್ತಡ ಚೂರನ್ನು ಆ ಮೆಟ್ಟಿಲಿಗೆ ಒತ್ತಬೇಕು, ಬೆಳ್ಳಿಯನ್ನು ಕೀಳಬಾರದು. ಬೆಳ್ಳಿಯನ್ನು ಸುತ್ತಿಗೆಯಿಂದ ಬಡಿದು ಕಾಗದದಂತೆ ಮಾಡಿ ನಡುವೆ ಇಟ್ಟರು. ಫ್ಲಕ್ಸ್ ಹಚ್ಚಿ ತಂತಿಯಿಂದ ಬಿಗಿದರು. ಬೆಂಕಿ ಹಿಡಿಯುವ ಮುಂಚೆ ಟ್ಯೂಬ್‌ಲೈಟ್ ಆರಿಸಿದರು. ನಾನೂ ಅಂಗಡಿಯಲ್ಲಿ ಹಾಗೇ ಮಾಡುವುದು. ಕಾದ ಲೋಹದ ಮಂದ ಕೆಂಪು ಬಣ್ಣ, ದೀಪ ಉರಿಯುತ್ತಿದ್ದರೆ ಕಾಣುವುದಿಲ್ಲ.

ಜ್ವಾಲೆ ಚೂರಿನ ಮೇಲಲ್ಲ, ಪಾಲಿನ ಮೈಮೇಲೆ. ಫ್ಲಕ್ಸ್ ಮೊದಲು ಉಬ್ಬಿತು, ಬಿಳಿ ಹುಡಿಯಾಯಿತು, ಆಮೇಲೆ ನೀರಿನ ಹಾಗೆ ತಿಳಿಯಾಯಿತು. ಇನ್ನೊಂದು ಉಸಿರು. ಅಂಚಿನಲ್ಲಿ ಬೆಳ್ಳಿ ಗೆರೆ ಹೊಳೆದು ಓಡಿತು. ಜ್ವಾಲೆ ತೆಗೆದರು. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಸಲ ಆ ಗೆರೆ ಓಡುವುದನ್ನು ನೋಡಿದ್ದೇನೆ. ಅವತ್ತೂ ಉಸಿರು ಹಿಡಿದೇ ನೋಡಿದೆ.

ಹೊಂದಿಸುವುದಕ್ಕೆ ಹಿಡಿದ ಹೊತ್ತು ಬೆಸುಗೆಯ ಹತ್ತರಷ್ಟು. ಎಣ್ಣೆ ದೀಪದ ಮಸಿಯನ್ನು ಚೂರಿಗೆ ಹಿಡಿಸಿ, ಜೋಡಿಸಿ, ತಿರುಗಿಸಿ, ಬಿಚ್ಚಿ, ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ಸಾಣೆ ಕಲ್ಲಿನಿಂದ ಎರಡು ಎಳೆತ. ಮತ್ತೆ ಮಸಿ. ಅತಿ ಸವೆದ ಹಲ್ಲಿಗೆ ಸರಿಹೊಂದಿಸಿದರೆ ಉಳಿದ ಹಲ್ಲುಗಳಿಗೆ ಸ್ವಲ್ಪ ಜಾಸ್ತಿಯಾಗುತ್ತದೆ, ಅಲ್ಲಿ ಪಾಲ್ ಬದಿಯಿಂದ ಜಾರಿಕೊಂಡು ಹೋಗಬೇಕು. ಸಿಲಿಂಡರಿನ ಹಲ್ಲುಗಳಿಗೇ ಬೆಸುಗೆ ತುಂಬಿ ಸಮ ಮಾಡಬಹುದಲ್ಲ ಅಂತ ಅಣ್ಣ ಬಾಯಿ ಹಾಕಿದ. ಅವರು ಕಲ್ಲು ಕೆಳಗಿಟ್ಟರು. "ಸಿಲಿಂಡರಿಗೆ ಬೆಂಕಿ ತೋರಿಸುವವನನ್ನು ಈ ಅಂಗಡಿ ಮೆಟ್ಟಿಲು ಹತ್ತಿಸಲ್ಲ" ಅಂದರು. ಮದ್ದು ಸಿಡಿಯುವಾಗಿನ ಒತ್ತಡ ತಡೆಯುವುದು ಅದೇ. ನಳಿಗೆಯೂ ಹಾಗೇ. ಸ್ಪ್ರಿಂಗೂ ಬೇಡ, 300 ಡಿಗ್ರಿ ದಾಟಿದರೆ ಮುಗಿಯಿತು ಅದರ ಕಥೆ.

ಬೆಳ್ಳಿ ಗೆರೆ ಕಪ್ಪಾಗುವುದಿಲ್ಲ. ಕೋವಿಗೆ ಕೊಡುವ ನೀಲಿಗಪ್ಪು ಬಣ್ಣ ಉಕ್ಕಿಗೆ ಹಿಡಿಯುತ್ತದೆ, ಬೆಳ್ಳಿಗೆ ಹಿಡಿಯುವುದಿಲ್ಲ. ಹೊರಗೆ ಕಾಣುವ ಜಾಗವಾಗಿದ್ದರೆ ತೇಪೆ ಹಾಕಿದ್ದು ಜನ್ಮಕ್ಕೂ ಗೊತ್ತಾಗುತ್ತಿತ್ತು. ನಮ್ಮದು ಬಹುಪಾಲು ಒಳಗೆ ಅಡಗಿದೆ. ಆರು ಸಲ ಎಳೆದರು. ಆರು ಟಕ್. ಅಣ್ಣನ ಕೈಗೆ ಕೊಡುವಾಗ, "ಪೂಜೆಗೆ ಇಡಿ, ಗುಂಡು ಹಾಕಬೇಡಿ" ಅಂದರು. ಅಣ್ಣ ತಲೆಯಾಡಿಸಿದ.

ಸೆಪ್ಟೆಂಬರ್ 3ರ ಬೆಳಿಗ್ಗೆ ಪೂಜೆಯ ಕೋಣೆಯಾದ ಕನ್ನಿ ಕೋಂಬರೆಯಲ್ಲಿ ಎಲ್ಲ ಸಾಲಾಗಿ ಕೂತವು. ಒಡಿಕತ್ತಿ ಅನ್ನುವ ಅಗಲ ಕತ್ತಿ, ಎರಡು ಕೋವಿ, ರಿವಾಲ್ವರ್, ನನ್ನ ಪೀಚೆಕತ್ತಿ. ಕೋವಿಯ ಬಾಯಿಗೆ ಮಕ್ಕಳು ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿದ್ದರು. ಪೀಚೆಕತ್ತಿಯ ಅಲಗನ್ನು ನಾನು ಇವತ್ತಿಗೂ ಉಜ್ಜಿಲ್ಲ, ನೀಲಿ ಹಾಗೇ ಇದೆ. ಅಣ್ಣನ ಚಿಕ್ಕ ಮಗಳು ಅದೇ ಎಲ್ಲದಕ್ಕಿಂತ ಚಂದ ಅಂತ ಅದರ ಮೇಲೊಂದು ಹೂವು ಜಾಸ್ತಿ ಇಟ್ಟಳು. ನಾನು ಏನೂ ಹೇಳಲಿಲ್ಲ.

ಗಂಧ ಹಚ್ಚಿ ಇನ್ನೇನು ಎಲ್ಲರೂ ಅಡ್ಡ ಬೀಳಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತಿಗೆ ಕೂಗಿದರು. ಹಿಂದಿನ ದಿನ ತಂದಿಟ್ಟ ಪಂದಿ ಮಾಂಸದ ಫ್ರಿಜ್ ತಣ್ಣಗಾಗುತ್ತಿಲ್ಲವಂತೆ. ನಾನು ಟೂಲ್ ಬಾಕ್ಸ್ ತರಲು ಜೀಪಿನ ಕಡೆ ಓಡಿದೆ.